ಗುಡ್ಡದ ಮೇಲೆ ಮಲಗುವವರು

ಕೆ.ಆರ್. ಪುರ ದಾಟಿ, ಮೆಟ್ರೊ ಕಂಬಗಳ ಸಾಲೂ ಮುಗಿದು, ಇನ್ನೂ ಎಷ್ಟು ದೂರ ಎಂದು ಗೊಣಗುವ ಆಟೊದವನಿಗೆ ಇಪ್ಪತ್ತು ನಿಮಿಷ ಸಮಾಧಾನ ಹೇಳಿದರೆ ಒಂದು ಗುಡ್ಡ ಸಿಗುತ್ತದೆ. ಒಂದು ಕಾಲಕ್ಕೆ ಅದರ ಮೇಲೆ ಬಂಡೆ, ಮೇಕೆ ಮತ್ತು ಲಾಂಟಾನ ಪೊದೆ ಬಿಟ್ಟರೆ ಏನೂ ಇರಲಿಲ್ಲ. ಈಗ ಅರವತ್ತನಾಲ್ಕು ಬಂಗಲೆಗಳಿವೆ. ಬೋರ್ಡಿನಲ್ಲಿ ‘ಶಿಖರ ಎನ್‌ಕ್ಲೇವ್’ ಎಂದಿದ್ದರೂ ಕೆಳಗಿನ ಹಳ್ಳಿಯವರ ಬಾಯಲ್ಲಿ ಅದು ಇಂದಿಗೂ ಬರೀ ಗುಡ್ಡ. ಊರಿನ ಧೂಳು ಅಷ್ಟೆತ್ತರ ಹತ್ತುವುದಿಲ್ಲ, ಬೇಸಿಗೆಯಲ್ಲೂ ಸಂಜೆ ಶಾಲು ಬೇಕು ಎಂದು ಮಾಲೀಕರು ನೆಂಟರ ಮುಂದೆ ಹೇಳಿಕೊಳ್ಳುತ್ತಾರೆ. ಸುಳ್ಳೇನಲ್ಲ. ಶನಿವಾರ ಬಂದು ಶಾಲು ಹೊದೆಯುತ್ತಾರೆ, ಭಾನುವಾರ ಸಂಜೆ ಮಡಿಸಿಟ್ಟು ಹೋಗುತ್ತಾರೆ.

ಗುಡ್ಡದ ದಿನಚರಿ ಕೆಳಗಿನಿಂದ ಹತ್ತಿ ಬರುತ್ತದೆ. ಆರು ಗಂಟೆಗೆ ಕೆಲಸದ ಹೆಂಗಸರು ಏದುಸಿರು ಬಿಡುತ್ತ ಏರು ಹತ್ತುತ್ತಾರೆ. ಏಳಕ್ಕೆ ನಾಯಿಗಳು ಆಳುಗಳನ್ನು ಎಳೆದುಕೊಂಡು ವಾಕಿಂಗ್ ಹೊರಡುತ್ತವೆ. ಒಂಬತ್ತಕ್ಕೆ ಡೆಲಿವರಿ ಬೈಕುಗಳು ಗೇಟಿನಲ್ಲಿ ಸಾಲು ನಿಲ್ಲುತ್ತವೆ. ಹನ್ನೊಂದಕ್ಕೆ ಎಲ್ಲ ತಣ್ಣಗಾಗಿ, ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಪರದೆ ಇಳಿಬಿಟ್ಟ ಕಿಟಕಿಗಳು ಮಾತ್ರ ಉಳಿಯುತ್ತವೆ. ಅಲ್ಲಿ ಎಷ್ಟು ನಾಯಿಗಳಿವೆ ಎಂದು ಕೇಳಿ, ಕ್ಲಬ್‌ಹೌಸಿನ ಕಂಪ್ಯೂಟರ್ ನಲವತ್ತೊಂದು ಎಂದು ಥಟ್ಟನೆ ಹೇಳುತ್ತದೆ. ಹೆಸರು, ತಳಿ, ಚುಚ್ಚುಮದ್ದಿನ ತಾರೀಖು ಸಮೇತ. ಮನುಷ್ಯರೆಷ್ಟು ಎಂದು ಕೇಳಿದರೆ ಮಾತ್ರ ತಕರಾರು ಶುರು.

ಇಪ್ಪತ್ತೇಳನೇ ನಂಬರಿನ ಮಾನಮ್ಮನನ್ನು ಕೇಳಿದರಂತೂ ಮುಗಿದೇಹೋಯಿತು. ಅವಳೂ ಗಂಡ ಮಾನಪ್ಪನೂ ಸುರಪುರದ ಕಡೆಯವರು. ಈ ಮನೆ ನೋಡಿಕೊಳ್ಳಲು ಬಂದು ಒಂಬತ್ತು ವರ್ಷವಾಗಿತ್ತು. ಮನೆ ಬೃಂದಾ ಎಂಬ ಹಿರಿಯ ಹೆಂಗಸಿನದು. ಗಂಡ ತೀರಿಕೊಂಡ ಮೇಲೆ ಅವರು ಇಂದಿರಾನಗರದ ಹಳೇ ಮನೆಯಲ್ಲೇ ಇದ್ದು, ಶನಿವಾರ, ಭಾನುವಾರ ಮಾತ್ರ ಗುಡ್ಡಕ್ಕೆ ಬರುತ್ತಿದ್ದರು. ಉಳಿದ ದಿನ ಮಾನಪ್ಪ ಆ ಮನೆಯ ಪರವಾಗಿ ಬದುಕುತ್ತಿದ್ದ. ಆರು ಬಚ್ಚಲಿನ ನಲ್ಲಿಗಳನ್ನು ದಿನ ಬಿಟ್ಟು ದಿನ ತಿರುಗಿಸುತ್ತಿದ್ದ, ಇಲ್ಲದಿದ್ದರೆ ಪೈಪು ವಾಸನೆ ಹೊಡೆಯುತ್ತದೆ. ಸಂಜೆ ಮೂರು ಕೋಣೆಗೆ ದೀಪ ಹಾಕುತ್ತಿದ್ದ, ಒಳಗೆ ಜನ ಇದ್ದಾರೆಂದು ಕಳ್ಳರು ನಂಬಲಿ ಅಂತ. ಗಂಡ ಹೆಂಡಿರ ಸ್ವಂತ ಬದುಕೆಲ್ಲ ಹಿತ್ತಲಲ್ಲಿ, ಜನರೇಟರ್ ಪಕ್ಕದ ಹತ್ತಡಿ ಕೋಣೆಯೊಳಗೆ ನಡೆಯುತ್ತಿತ್ತು.

ಕೆಲಸಕ್ಕೆ ಸೇರಿದ ದಿನವೇ ಆಗಿನ ಮ್ಯಾನೇಜರು ಬೆರಳೆತ್ತಿ ಹೇಳಿದ್ದ, "ರೂಮು ಗಂಡ ಹೆಂಡ್ತಿ ಇಬ್ಬರಿಗೆ ಮಾತ್ರ. ಮೂರನೆಯವರು ಬಂದ್ರೆ ಖಾಲಿ ಮಾಡ್ಬೇಕು." ಆ ಪುಣ್ಯಾತ್ಮ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವನ ಮಾತು ಮಾತ್ರ ಮಾನಮ್ಮನ ತಲೆಯೊಳಗೆ ಸಂಬಳವಿಲ್ಲದೆ ಡ್ಯೂಟಿ ಮಾಡುತ್ತಲೇ ಇತ್ತು.

ಈಗ ಆ ಕೋಣೆಯಲ್ಲಿ ಮೂರನೆಯವಳಿದ್ದಳು. ಅವಳ ಹೊಟ್ಟೆಯಲ್ಲಿ ನಾಲ್ಕನೆಯದು.

ಸೊಸೆ ಕಾವೇರಿಗೆ ಏಳು ತಿಂಗಳು. ಮಗ ಶಿವಪುತ್ರ ಮಹದೇವಪುರದಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕಿದ್ದು, ಎಂಟು ಗಂಡಸರ ಜೊತೆ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದ. ಬಸುರಿಯನ್ನು ಅಲ್ಲಿ ಇರಿಸಿಕೊಳ್ಳುವ ಮಾತೇ ಇಲ್ಲ. ಪದ್ಧತಿ ಪ್ರಕಾರ ತವರಿಗೆ ಕಳಿಸಬೇಕಿತ್ತು. ಎರಡು ವರ್ಷದ ಹಿಂದೆ ಹಾಗೇ ಮಾಡಿದ್ದರು. ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಚೊಚ್ಚಲ ಹೆರಿಗೆಗೆ ಕಳಿಸಿಕೊಟ್ಟಿದ್ದರು. ದಿನ ತುಂಬಲು ಮೂರು ವಾರವಿರುವಾಗಲೇ ನೋವು ಬಂತು. ಮಳೆಗೆ ಸೇತುವೆ ಕಿತ್ತುಹೋಗಿ ಜೀಪು ಸುತ್ತಿ ಬಳಸಿ ಹೋಗುವಷ್ಟರಲ್ಲಿ ಕೂಸು ದಾರಿಯಲ್ಲೇ ಹುಟ್ಟಿತು. ಎರಡು ಗಂಟೆ ಬದುಕಿತ್ತು. ಆಸ್ಪತ್ರೆಯ ಬಾಗಿಲು ಕಂಡಾಗ ಸುಮ್ಮನಾಗಿತ್ತು. ಹೆಸರಿಡಲಿಲ್ಲ. ಹುಟ್ಟಿದ್ದಕ್ಕೂ ಚೀಟಿಯಿಲ್ಲ, ಹೋದದ್ದಕ್ಕೂ ಚೀಟಿಯಿಲ್ಲ. ಅವತ್ತಿನಿಂದ ಕಾವೇರಿ ಆ ಮಾತೆತ್ತಿದವಳಲ್ಲ.

ಹಾಗಾಗಿ ಈ ಸಲ ಮಾನಮ್ಮ ಹಟ ಹಿಡಿದಳು. ಬೀಗರು ಮುನಿಸಿಕೊಂಡರೂ ಸರಿ, ಈ ಕೂಸು ಬೆಂಗಳೂರಲ್ಲೇ ಹುಟ್ಟಬೇಕು, ಕರೆದ ಕಾಲು ಗಂಟೆಗೆ ಆಂಬುಲೆನ್ಸ್ ಬರುವ ಕಡೆ. ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಹೊಟ್ಟೆ ಮುಟ್ಟಿ ನೋಡಿ, "ಇವಳಿಗೆ ಬೇಗ ಆಗ್ಬಿಡುತ್ತೆ. ನೋವು ಬಂದ ತಕ್ಷಣ ಫೋನ್ ಮಾಡಿ, ಕಾಯ್ಬೇಡಿ. ಗೇಟಲ್ಲಿ ಮೊದಲೇ ಹೇಳಿಟ್ಟಿರಿ" ಎಂದಿದ್ದಳು. ಮಾನಮ್ಮ ತಲೆಯಾಡಿಸಿ ಬಂದಳು. ಗೇಟಿನಲ್ಲಿ ಏನೆಂದು ಹೇಳುವುದು? ಗುಡ್ಡದ ಮೇಲೆ ಕಾವೇರಿ ಎಂಬುವಳೇ ಇಲ್ಲವಲ್ಲ. ಇಲ್ಲದವಳಿಗೆ ನೋವು ಬಂದರೆ ಗೇಟು ಯಾರು ತೆಗೆಯುತ್ತಾರೆ? ತೆಗೆದರೂ ಮಾರನೇ ದಿನ ಗಂಟುಮೂಟೆ ಕಟ್ಟಬೇಕಲ್ಲ.

ಅದಕ್ಕೇ ಒಂದು ಏರ್ಪಾಟು ನಡೆದಿತ್ತು. ಬೃಂದಾ ಬರುವ ಶನಿವಾರ ಬೆಳಿಗ್ಗೆ ಕಾವೇರಿ ಚೀಲ ಹಿಡಿದು ಗುಡ್ಡ ಇಳಿಯುತ್ತಿದ್ದಳು. ಕೆಳಗಿನ ಹಳ್ಳಿಯ ವಠಾರದಲ್ಲಿ ಭೀಮಬಾಯಿಯ ಬಾಡಿಗೆ ಕೋಣೆಯಿತ್ತು. ಆಕೆ ಗುಡ್ಡದ ರಸ್ತೆ ಗುಡಿಸುವವಳು, ಇವರ ಕಡೆಯವಳೇ. ಎರಡು ರಾತ್ರಿ ಅಲ್ಲಿ ಕಳೆದು, ಸೋಮವಾರ ಆರು ಗಂಟೆಗೆ ಕೆಲಸದ ಹೆಂಗಸರ ಗುಂಪಿನಲ್ಲಿ ಸೇರಿಕೊಂಡು ಮೇಲೆ ಬರುತ್ತಿದ್ದಳು. ಗೇಟಿನ ನಯಾಜ್‌ಗೆ ಕಣ್ಣು ಕಾಣುತ್ತಿರಲಿಲ್ಲವೇ? ಚೆನ್ನಾಗಿಯೇ ಕಾಣುತ್ತಿತ್ತು. ಅವಳು ಬರುವ ಹೊತ್ತಿಗೆ ಸರಿಯಾಗಿ ಅವನಿಗೆ ರಿಜಿಸ್ಟರಿನಲ್ಲಿ ಏನೋ ಬರೆಯುವುದು ನೆನಪಾಗುತ್ತಿತ್ತು.

ಹೀಗಿರುವಾಗ ಗುಡ್ಡಕ್ಕೆ ಜನಗಣತಿಯ ಮೊದಲ ಸುತ್ತು, ಮನೆಗಣತಿ, ಬಂತು.

ಬಂದವರು ಕೆಳಗಿನ ಸರ್ಕಾರಿ ಶಾಲೆಯ ಸುಕನ್ಯ ಟೀಚರು. ಐವತ್ತು ದಾಟಿದ, ಮಂಡಿನೋವಿನ, ಆದರೆ ನಾಲಿಗೆಗೆ ಯಾವ ನೋವೂ ಇಲ್ಲದ ಹೆಂಗಸು. ಭೀಮಬಾಯಿ ಇದ್ದ ವಠಾರ ಅವರ ಮಾವನದೇ. ಗುಡ್ಡದ ಈಗಿನ ಮ್ಯಾನೇಜರ್ ನಿತೀಶನೂ ಅದೇ ಹಳ್ಳಿಯವನು. ಅವನ ತಾತ ಬೈಲಪ್ಪ ಈ ಬಂಡೆಗಳ ಮೇಲೆ ಮೇಕೆ ಮೇಯಿಸಿದವನು. ಮೊಮ್ಮಗ ಇಲ್ಲಿ ಟೈ ಕಟ್ಟಿಕೊಂಡು ನಿಲ್ಲುತ್ತಾನೆ. ನಿತೀಶ ಟೀಚರನ್ನು ಕ್ಲಬ್‌ಹೌಸಿನ ಎ.ಸಿ.ಯಲ್ಲಿ ಕೂರಿಸಿದ.

"ಮೇಡಂ, ಬಿಸಿಲಲ್ಲಿ ಯಾಕೆ ಓಡಾಡ್ತೀರಾ? ಓನರ್ಸ್ ಲಿಸ್ಟ್ ಇದೆ, ಇನ್ನೂರ ಹದಿನೆಂಟು ಜನ. ನೋಡ್ಕೊಂಡು ಫೋನಿಗೆ ಹಾಕ್ಬಿಡಿ. ಕಾಫಿ ತರಿಸ್ತೀನಿ."

"ನಾಲ್ಕನೇ ಕ್ಲಾಸಲ್ಲೂ ನೀನು ಹಿಂಗೇ ಪಕ್ಕದವನದು ನೋಡ್ಕೊಂಡು ಬರೀತಿದ್ದೆ ಕಣೋ ನಿತೀಶ" ಎಂದರು ಟೀಚರು. "ಕಾಫಿ ಆಮೇಲೆ. ನಡಿ, ಮನೆ ತೋರ್ಸು."

ಬಾಗಿಲ ಪಕ್ಕ ಮಾರ್ಕರಿನಲ್ಲಿ ಗಣತಿ ನಂಬರು ಬರೆಯುವುದಕ್ಕೂ ಅವನ ಆಕ್ಷೇಪಣೆಯಿತ್ತು. ಪೇಂಟು ಹೊರದೇಶದ್ದಂತೆ. ಕೊನೆಗೆ ಕಸದ ಡಬ್ಬಿ ಇಡುವ ಗೂಡಿನ ಗೋಡೆಗೆ ಬರೆಯುವುದೆಂದು ಒಪ್ಪಂದವಾಯಿತು. ಹೀಗೆ ಗುಡ್ಡದ ಮಹನೀಯರೆಲ್ಲ ಸರ್ಕಾರದ ಲೆಕ್ಕಕ್ಕೆ ಕಸದ ಗೂಡಿನ ಮೂಲಕ ಪ್ರವೇಶ ಪಡೆದರು.

ಆದರೆ ಬಾಗಿಲು ತಟ್ಟಿದ ಕಡೆಯೆಲ್ಲ ಒಂದೇ ಕತೆ. ಮಾಲೀಕರಿಲ್ಲ, ನೋಡಿಕೊಳ್ಳುವವರಿದ್ದಾರೆ. ಎಷ್ಟು ಜನ ಎಂದು ಕೇಳಿದರೆ ಆ ನೋಡಿಕೊಳ್ಳುವವರು ಕೈಕಟ್ಟಿ ನಿಂತು ಮಾಲೀಕರ ಇಡೀ ವಂಶ ಒಪ್ಪಿಸುತ್ತಾರೆ. ದುಬೈ, ಮುಂಬೈ, ಕೂನೂರಿನಲ್ಲಿರುವ ಮಕ್ಕಳು ಮೊಮ್ಮಕ್ಕಳೆಲ್ಲ ಆ ಲೆಕ್ಕದಲ್ಲಿ ಬರುತ್ತಾರೆ, ಹೇಳುವವನೊಬ್ಬನನ್ನು ಬಿಟ್ಟು. ಇಪ್ಪತ್ತೇಳರಲ್ಲೂ ಹಾಗೇ ಆಯಿತು.

"ಬರ್ಕೋರಿ ಅಕ್ಕೋರ" ಎಂದಳು ಮಾನಮ್ಮ. ಅವಳ ಕಡೆ ಟೀಚರಮ್ಮನನ್ನು ಕರೆಯುವುದೇ ಹಾಗೆ. "ಬೃಂದಾ ಅಮ್ಮಾರು, ಅವ್ರ ಮಗ, ಸೊಸಿ, ಮೊಮ್ಮಕ್ಕಳು ಇಬ್ಬರು. ಒಟ್ಟ ಐದು ಮಂದಿ."

"ಅವರು ಎಲ್ಲಿದ್ದಾರೆ?"

"ಅಮ್ಮಾರು ಇಂದ್ರಾನಗರದಾಗ. ಮಗ ದುಬೈದಾಗ."

"ನೀವು?"

"ನಾವು ಊರಾಗ ಅದೀವ್ರಿ."

"ಊರಲ್ಲಿದ್ದೀರಾ? ಹಾಗಾದ್ರೆ ಈಗ ನನ್ನ ಜೊತೆ ಮಾತಾಡ್ತಿರೋರು ಯಾರಮ್ಮ?"

ಮಾನಮ್ಮ ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಅವಳ ರೇಷನ್ ಕಾರ್ಡು ಊರಲ್ಲಿ, ವೋಟು ಊರಲ್ಲಿ, ಮನೆದೇವರು ಊರಲ್ಲಿ. ಇಲ್ಲಿ ಹೆಸರು ಬರೆಸಿದರೆ ಅಲ್ಲಿ ಹೊಡೆದುಹಾಕುತ್ತಾರೆ ಎಂದು ಅವಳ ಕಡೆಯವರೆಲ್ಲ ನಂಬಿದ್ದರು. ಮೇಲಾಗಿ, ಯಜಮಾನಿಯ ಮನೆಯಲ್ಲಿ ಯಾರೂ ಇಲ್ಲ ಎಂದು ಬಾಯಿ ಬಿಟ್ಟು ಹೇಳುವುದು ಅಪಶಕುನವಲ್ಲವೇ? ಉಂಡ ಮನೆಗೆ ಅಷ್ಟಾದರೂ ಮರ್ಯಾದೆ ಬೇಡವೇ?

ಟೀಚರು ಹಿತ್ತಲ ಕಟ್ಟೆಯ ಮೇಲೆ ಕೂತು ಮಂಡಿ ಒತ್ತಿಕೊಂಡರು. "ನೋಡಮ್ಮ, ರೇಷನ್ ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲ. ಅದು ಎಲ್ಲಿದ್ಯೋ ಅಲ್ಲೇ ಇರುತ್ತೆ. ಮನೆ ಯಾರದು ಅಂತ ಬೇರೆ ಬರ್ಕೋತೀನಿ. ಈಗ ಕೇಳ್ತಿರೋದು, ಇಲ್ಲೇ ಉಂಡು ಇಲ್ಲೇ ಮಲಗೋರು ಎಷ್ಟು ಜನ ಅಂತ."

ಮಾನಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಹಿಂದೆಯೇ ನಿತೀಶ ನಿಂತಿದ್ದ. "ಇಬ್ಬರು ರೀ" ಎಂದಳು.

ಆಗಲೇ ಕೋಣೆಯೊಳಗಿಂದ ಕೆಮ್ಮು ಕೇಳಬೇಕೇ! ನಿತೀಶನ ಗಮನ ಫೋನಿನಲ್ಲಿತ್ತು. ಟೀಚರು ತಲೆಯೆತ್ತಿದರು. ಪ್ರತಿ ಭಾನುವಾರ ತಮ್ಮ ವಠಾರದ ನಲ್ಲಿಯ ಹತ್ತಿರ ಕೊಡ ಎತ್ತಲಾರದೆ ಎತ್ತುವ ಹುಡುಗಿಯನ್ನು ಅವರು ನೋಡಿದ್ದರು. ಆ ಕೆಮ್ಮನ್ನೂ ಕೇಳಿದ್ದರು.

"ಇಬ್ಬರೇನಾ?"

"ಇಬ್ಬರೇ ರೀ ಅಕ್ಕೋರ."

"ನೀವು ಹೇಳಿದ್ದನ್ನೇ ನಾನು ಬರೀಬೇಕಮ್ಮ. ಹೇಳ್ದೆ ಇರೋದನ್ನ ನಾನಾಗೇ ಬರೆಯೋ ಹಾಗಿಲ್ಲ" ಎಂದು ಟೀಚರು ಫೋನಿನಲ್ಲಿ ಎರಡು ಒತ್ತಿದರು. ಏಳುವಾಗ, "ನಾಳೆ ಸಾಯಂಕಾಲದವರೆಗೂ ಗುಡ್ಡದಲ್ಲೇ ಇರ್ತೀನಿ. ತಪ್ಪಾಗಿದ್ರೆ ತಿದ್ದಬಹುದು" ಎಂದರು.

ಮಾನಮ್ಮ ಕೋಣೆಗೆ ಬಂದು ರೊಟ್ಟಿ ಬಡಿಯಲು ಕೂತಳು. ಬಚಾವಾದೆ ಎಂದುಕೊಂಡಳು. ಆದರೆ ರೊಟ್ಟಿ ಅಂಚು ಬಿಟ್ಟುಕೊಳ್ಳತೊಡಗಿತು. ಮೂವತ್ತು ವರ್ಷ ರೊಟ್ಟಿ ಬಡಿದ ಕೈ, ಯಾವತ್ತೂ ಹೀಗೆ ಮಾಡಿದ್ದಿಲ್ಲ.

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಕಾವೇರಿ ಕೇಳಿದಳು, "ಅತ್ತಿ, ಹಂಗಾದ್ರ ನಾ ಎಲ್ಲಿ ಅದೀನಿ?"

"ಏನಂದಿ?"

"ಊರಾಗ ಮನಿಗೆ ಕೀಲಿ ಹಾಕೇತಿ, ಅಲ್ಲಿ ನನ್ನ ಬರಸಂಗಿಲ್ಲ. ತವರಾಗ ಕೊಟ್ಟ ಹೆಣ್ಣು ಅಂತಾರ. ಇಲ್ಲಿ ನೀವು ಇಬ್ಬರೇ ಅಂದ್ರಿ. ನಾ ಎಲ್ಲೂ ಇಲ್ಲೇನು?"

ಹುಡುಗಿ ಸಿಟ್ಟಿನಿಂದ ಕೇಳಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ ಕೇಳಿದ್ದಳು, ಅದನ್ನೇ ಮಾನಮ್ಮನಿಗೆ ತಡೆಯಲಾಗಲಿಲ್ಲ. ತಾನೇ ಕೈಯಾರ ಸೊಸೆಯನ್ನು ಅಳಿಸಿಹಾಕಿದೆನಲ್ಲ ಎನಿಸಿತು. ಹೊಟ್ಟೆಯಲ್ಲಿರುವುದನ್ನೂ ಸೇರಿಸಿ. ಜೀಪಿನಲ್ಲಿ ಹುಟ್ಟಿದ ಕೂಸಿಗೆ ಲೋಕ ಏನು ಮಾಡಿತ್ತೋ ಅದನ್ನೇ ಈ ಕೂಸಿಗೆ ತಾನು ಇವತ್ತು ಮಾಡಿದ್ದಳು. ಮಾನಪ್ಪ ಬಂದಾಗ ಹೇಳಿದಳು. ಅವನು, "ಖೋಲಿ ಹೋದ್ರ ಹೋಗ್ಲಿ. ಕೂಸು ಹೋಗಬಾರದು" ಎಂದ. ಒಂಬತ್ತು ವರ್ಷದಲ್ಲಿ ಅವನಾಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಮರುದಿನ ಮಧ್ಯಾಹ್ನ ಎರಡು ಗಂಟೆ. ಗುಡ್ಡದ ಮೇಲಿನ ಕೆಲಸದ ಹೆಂಗಸರೆಲ್ಲ ಪಂಪ್‌ಹೌಸ್ ಪಕ್ಕದ ಹೊಂಗೆ ಮರದಡಿ ಬುತ್ತಿ ಬಿಚ್ಚುವ ಹೊತ್ತು. ಸುಕನ್ಯ ಟೀಚರೂ ಅಲ್ಲೇ ಬಂದು ತಮ್ಮ ಚಿತ್ರಾನ್ನದ ಡಬ್ಬಿ ತೆಗೆದಿದ್ದರು. ನಿತೀಶ ತುಸು ದೂರದಲ್ಲಿ ಫೋನು ನೋಡುತ್ತ ನಿಂತಿದ್ದ.

ಮಾನಮ್ಮ ನೇರ ಟೀಚರ ಎದುರು ಬಂದು ನಿಂತಳು. "ಅಕ್ಕೋರ, ನಂದು ತಪ್ಪಾಗೇತಿ. ತಿದ್ದಬೇಕ್ರಿ."

ಟೀಚರು ಡಬ್ಬಿ ಮುಚ್ಚಿದರು. "ನಿತೀಶ, ನೀನು ಆ ಕಡೆ ಹೋಗು. ಗಣತಿಲಿ ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳಬಾರದು."

"ಬ್ಯಾಡ್ರಿ, ಅವ್ರೂ ಕೇಳ್ಲಿ" ಎಂದಳು ಮಾನಮ್ಮ. "ನಮ್ಮ ಖೋಲ್ಯಾಗ ಮೂವರು ಅದೀವಿ. ನಾನು, ನನ್ನ ಗಂಡ, ನನ್ನ ಸೊಸಿ ಕಾವೇರಿ. ಆಕಿಗೆ ಏಳು ತುಂಬೇತಿ. ಆಂಬುಲೆನ್ಸ್ ಬಂದ್ರ ಗೇಟಿನಾಗ ಬಿಡಬೇಕು. ಅದಕ್ಕ ಅವ್ರಿಗೂ ಗೊತ್ತಾಗ್ಲಿ. ಖೋಲಿ ಖಾಲಿ ಮಾಡಂದ್ರ ಹೆರಿಗಿ ಆದ ಮ್ಯಾಲ ಮಾಡ್ತೀವಿ."

ಬುತ್ತಿಯ ಮೇಲಿದ್ದ ಕೈಗಳೆಲ್ಲ ನಿಂತವು. ನಿತೀಶನ ಮುಖ ಹುಳ್ಳಗಾಯಿತು. "ಮಾನಮ್ಮ, ರೂಲ್ಸ್ ಗೊತ್ತಲ್ವಾ ನಿಮ್ಗೆ? ನಾನು ಓನರ್‌ಗೆ ಮೇಲ್ ಹಾಕ್ಬೇಕಾಗುತ್ತೆ" ಎಂದ.

ಅವನ ಮಾತು ಮುಗಿಯುವ ಮೊದಲೇ ಮರದ ಇನ್ನೊಂದು ಬದಿಯಿಂದ ಒಂದು ದನಿ ಬಂತು. ಗೇಟಿನ ನಯಾಜ್‌ನ ಹೆಂಡತಿ ನಾಜಿಶ್. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವಳು. ಮಾಲೀಕರ ಅಸೋಸಿಯೇಷನ್ನಿನ ಕಾಗದದ ಪ್ರಕಾರ ಈಗಲೂ ಅಲ್ಲೇ ಇರುವವಳು. "ಮೇಡಂ, ನಮ್ದೂ ಬರ್ಕೊಳ್ಳಿ. ಗಾರ್ಡ್ ರೂಮಲ್ಲಿ ಅವರೊಬ್ರೇ ಅಂತ ನಿನ್ನೆ ಬರ್ಸಿದ್ರು. ನಾಲ್ಕು ಜನ ಇದೀವಿ. ಎರಡು ಮಕ್ಳು."

"ನಿತೀಶ್ ಸಾರ್, ಇದನ್ನೂ ಮೇಲ್‌ಗೆ ಹಾಕಿ" ಎಂದು ಯಾರೋ ನಕ್ಕರು.

ಆಮೇಲೆ ತಡೆಯುವವರಿರಲಿಲ್ಲ. ಹನ್ನೊಂದನೇ ನಂಬರಿನವಳು ತನ್ನ ಅತ್ತೆಯನ್ನು ಹೊರತೆಗೆದಳು. ನಲವತ್ತನೇ ಮನೆಯವಳು ತಂಗಿಯನ್ನು, ತಂಗಿಯ ಗಂಡನನ್ನು, ಅವರ ಮೂರು ವರ್ಷದ ಮಗುವನ್ನು ತಂದಳು. ಒಬ್ಬರದು ಒಬ್ಬರಿಗೆ ಮೊದಲಿಂದಲೂ ಗೊತ್ತಿತ್ತು, ಆದರೆ ಬಾಯಿ ಬಿಟ್ಟವರಿರಲಿಲ್ಲ, ಎಲ್ಲರೂ ಎಲ್ಲರಿಗಾಗಿ ಹೆದರಿದ್ದರು. ಟೀಚರು ಚಿತ್ರಾನ್ನ ಮರೆತು ಫೋನಿನಲ್ಲಿ ಒಂದೊಂದೇ ಮನೆ ತೆರೆದು ತಿದ್ದತೊಡಗಿದರು. ನಿನ್ನೆ ತೊಂಬತ್ತೇಳು ಜನರಿದ್ದ ಗುಡ್ಡದಲ್ಲಿ ಸಂಜೆ ಐದರ ಹೊತ್ತಿಗೆ ನೂರ ಐವತ್ತಮೂರು ಜನರಿದ್ದರು. ಅದರಲ್ಲಿ ಮಾಲೀಕರ ಕುಟುಂಬದವರು ಅರವತ್ತು ಮುಟ್ಟುತ್ತಿರಲಿಲ್ಲ.

"ಇಷ್ಟೊಂದು ಜನಾನ ಎಲ್ಲಿ ಅಂತ ಖಾಲಿ ಮಾಡಿಸ್ಲಿ ಮೇಡಂ?" ಎಂದ ನಿತೀಶ, ನಿಜಕ್ಕೂ ಕಂಗಾಲಾಗಿ.

"ಖಾಲಿ ಮಾಡಿಸಿದ್ರೆ ನಾಳೆ ಆ ನಲವತ್ತೊಂದು ನಾಯಿಗಳನ್ನ ನೀನೇ ಕರ್ಕೊಂಡು ಹೋಗ್ಬೇಕಾಗುತ್ತೆ, ಯೋಚ್ನೆ ಮಾಡು" ಎಂದು ಟೀಚರು ಎದ್ದರು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಮಾನಮ್ಮನಿಗೆ ಆ ನಗೆಯಲ್ಲಿ ಸೇರಿಕೊಳ್ಳಲಾಗಲಿಲ್ಲ. ಮರದ ಬೊಡ್ಡೆಗೆ ಆತು ಕೂತುಬಿಟ್ಟಳು. ತಾನು ಒಬ್ಬಳೇ ಬಾವಿಗೆ ಹಾರಿದೆ ಎಂದುಕೊಂಡಿದ್ದಳು. ನೋಡಿದರೆ ಪಕ್ಕದಲ್ಲಿ ಇಷ್ಟು ಜನ. ಅವರ ಋಣ ತೀರಿಸುವುದು ಈ ಜನ್ಮದಲ್ಲಿ ಆಗದ ಮಾತು ಎನಿಸಿ ಕಣ್ಣು ತುಂಬಿತು. ನಾಜಿಶ್ ತನ್ನ ನೀರಿನ ಬಾಟಲಿ ಅವಳ ಕೈಗೆ ಕೊಟ್ಟಳು.

ಇನ್ನುಳಿದದ್ದು ಶನಿವಾರ. ಮೇಲ್ ಹೋಗಿತ್ತು. ಮಾನಮ್ಮ ಟ್ರಂಕಿಗೆ ಅರ್ಧ ಸಾಮಾನು ತುಂಬಿಯೇ ಇಟ್ಟಿದ್ದಳು. ಆದರೆ ಕಾವೇರಿಯನ್ನು ಅವತ್ತು ಕೆಳಗೆ ಕಳಿಸಲಿಲ್ಲ. ಬೃಂದಾ ಕಾರಿಂದ ಇಳಿದು ನೇರ ಹಿತ್ತಲಿಗೇ ಬಂದರು. ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು.

"ಎಷ್ಟು ದಿನದಿಂದ ಇದ್ದಾಳೆ?"

"ಮೂರು ತಿಂಗಳಾತ್ರಿ ಅಮ್ಮಾರ" ಎಂದಳು ಮಾನಮ್ಮ.

"ನಾನು ವಾರ ವಾರ ಬರ್ತಿದ್ದೆ. ಕಾಣಲೇ ಇಲ್ಲ?"

ಉತ್ತರ ಕಾವೇರಿಯೇ ಕೊಟ್ಟಳು. "ನೀವು ಬರೋ ದಿನ ನಾ ಕೆಳಗ ಇಳೀತಿದ್ದೆ ರೀ. ಸೋಮವಾರ ಹತ್ತಿ ಬರ್ತಿದ್ದೆ."

"ನಡ್ಕೊಂಡು?"

"ಹೌದ್ರಿ."

ಬೃಂದಾ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಇಸ್ತ್ರಿ ಸೀರೆ, ಒದ್ದೆ ಕಲ್ಲು, ಯಾವುದನ್ನೂ ನೋಡಲಿಲ್ಲ. "ನಾನು ಬರ್ತೀನಿ ಅಂತ" ಎಂದರು, ಯಾರಿಗೂ ಅಲ್ಲದೆ. ಆಮೇಲೆ, "ಒಂಬತ್ತು ವರ್ಷದಲ್ಲಿ ನನ್ನ ಒಂದು ಸಲ ಕೇಳ್ಬೇಕು ಅನ್ನಿಸ್ಲಿಲ್ವಾ ಮಾನಮ್ಮ?" ಎಂದರು.

"ಹೆದರಿಕಿ ರೀ."

"ನನಗೂ ಕೇಳ್ಬೇಕು ಅನ್ನಿಸ್ಲಿಲ್ಲ" ಎಂದರು ಬೃಂದಾ. ಅವರು ದೇವತೆಯೇನಾಗಲಿಲ್ಲ. ಮರುಗಳಿಗೆಯಲ್ಲೇ, ಬಟ್ಟೆಯನ್ನು ಮುಂದಿನ ತೋಟಕ್ಕೆ ಕಾಣುವ ಹಾಗೆ ಒಣಗಿಸಬಾರದು ಎಂದು ಗದರಿದರು. ಆದರೆ ಟ್ರಂಕು ನೋಡಿ, "ಇದನ್ನ ಬಿಚ್ಚು ಮೊದ್ಲು. ಅಸೋಸಿಯೇಷನ್‌ಗೆ ನಾನು ಬರೀತೀನಿ" ಎಂದರು. ಹೋಗುವಾಗ ಮೊಮ್ಮಕ್ಕಳ ಕೋಣೆಯಿಂದ ಹಾಸಿಗೆಯೊಂದನ್ನು ತಾವೇ ನಿಂತು ಎಳೆಸಿ ತಂದು ಹಿತ್ತಲ ಕೋಣೆಯಲ್ಲಿ ಹಾಕಿಸಿದರು. ಕೋಣೆಯಲ್ಲಿ ಅದನ್ನು ಬಿಟ್ಟರೆ ಕಾಲಿಡಲು ಜಾಗ ಉಳಿಯಲಿಲ್ಲ.

ಎರಡು ತಿಂಗಳ ಮೇಲೆ, ಮಂಗಳವಾರ ಬೆಳಿಗ್ಗೆ, ಕಾವೇರಿಗೆ ನೋವು ಬಂತು. ಮಾನಪ್ಪ ಆಂಬುಲೆನ್ಸಿಗೂ ಗೇಟಿಗೂ ಫೋನು ಮಾಡಿ ಓಡಿದರೆ, ನಯಾಜ್ ಆಗಲೇ ಗೇಟು ಎತ್ತಿಟ್ಟು ಡ್ರೈವರ್‌ಗಳಿಂದ ಕಾರುಗಳನ್ನೆಲ್ಲ ಬದಿಗೆ ಹಾಕಿಸುತ್ತಿದ್ದ. ಆಂಬುಲೆನ್ಸ್ ಎಲ್ಲೂ ನಿಲ್ಲದೆ ಇಪ್ಪತ್ತೇಳಕ್ಕೆ ಬಂತು. ನರ್ಸಮ್ಮ ಹೇಳಿದ್ದು ಸರಿಯಾಗಿತ್ತು. ಆಸ್ಪತ್ರೆ ಮುಟ್ಟಿದ ಅರ್ಧ ಗಂಟೆಯೊಳಗೆ ಹೆಣ್ಣು ಮಗು. ಸೊಗಸಾಗಿ ಅತ್ತಿತು. ಮಾನಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನರ್ಸಮ್ಮನಿಗೆ, ಆಯಾಗೆ, ಆಂಬುಲೆನ್ಸ್ ಡ್ರೈವರಿಗೆ, ಕೊನೆಗೆ ಸುಮ್ಮನೆ ಹಾದುಹೋಗುತ್ತಿದ್ದ ಯಾರೋ ಒಬ್ಬ ಗಂಡಸಿಗೂ ಕೈ ಮುಗಿದಳು. ಭಾಗ್ಯಶ್ರೀ ಎಂದು ಹೆಸರಿಟ್ಟರು.

ಫೆಬ್ರವರಿಯಲ್ಲಿ ಗಣತಿಯ ಎರಡನೇ ಸುತ್ತು. ಮನೆಗಳ ಎಣಿಕೆ ಮುಗಿದಿತ್ತು, ಈ ಸಲ ಮನುಷ್ಯರದು. ಹೆಸರು, ವಯಸ್ಸು, ಎಲ್ಲ ಬರೆಯಬೇಕು. ಸುಕನ್ಯ ಟೀಚರು ಈ ಸಲ ಕ್ಲಬ್‌ಹೌಸಿನ ಕಡೆ ತಿರುಗಿಯೂ ನೋಡಲಿಲ್ಲ. ಇಪ್ಪತ್ತೇಳರ ಹಿತ್ತಲಿಗೆ ಬರುವಷ್ಟರಲ್ಲಿ ಮಾನಮ್ಮ ಚಾಪೆ ಹಾಸಿ, ಚಹಾ ಕಾಸಿ, ಮೊಮ್ಮಗಳಿಗೆ ಕಾಡಿಗೆ ಹಚ್ಚಿ ಕಾದಿದ್ದಳು. ಕೇಳುವ ಮೊದಲೇ ಒಪ್ಪಿಸಿದಳು, "ನಾಕು ಮಂದಿ ರೀ ಅಕ್ಕೋರ."

ಮಾನಪ್ಪ, ಮಾನಮ್ಮ, ಕಾವೇರಿ ಆಯಿತು. ಭಾಗ್ಯಶ್ರೀ ಬಂದಾಗ ಟೀಚರು ವಯಸ್ಸಿನ ಜಾಗದಲ್ಲಿ ಸೊನ್ನೆ ಒತ್ತಿದರು.

"ಸೊನ್ನಿ ಯಾಕ್ರಿ?" ಮಾನಮ್ಮ ಬಿಡಲಿಲ್ಲ. "ಏಳು ತಿಂಗಳು ಆಗೇತಿ. ಹಲ್ಲು ಬರಾಕತ್ತೇತಿ ನೋಡ್ರಿ."

"ವರ್ಷ ತುಂಬೋವರೆಗೂ ಸೊನ್ನೆ ಅಂತಲೇ ಬರೀಬೇಕಮ್ಮ. ಸೊನ್ನೆ ಬರೆದ್ರೂ ಲೆಕ್ಕಕ್ಕೆ ಒಬ್ಬಳು ಪೂರ್ತಿ ಸಿಗ್ತಾಳೆ, ಹೆದರ್ಬೇಡಿ."

ಆಮೇಲೆ ಟೀಚರು ಕಾವೇರಿಯ ಕಡೆ ತಿರುಗಿದರು. ಮದುವೆಯಾದ ಹೆಂಗಸರಿಗೆ ಕೇಳುವ ಪ್ರಶ್ನೆಗಳು. "ನಿಂಗೆ ಈಗ ಎಷ್ಟು ಮಕ್ಕಳಮ್ಮ?"

"ಒಂದು ರೀ."

"ಹುಟ್ಟಿದ ಮಕ್ಕಳು ಒಟ್ಟು ಎಷ್ಟು?"

"ಒಂದು ರೀ."

ಮಗುವನ್ನು ತೂಗುತ್ತಿದ್ದ ಮಾನಮ್ಮನ ಕಾಲು ನಿಂತಿತು. ಟೀಚರು ಅದನ್ನು ನೋಡಿದರು. ಕನ್ನಡಕ ಸರಿಮಾಡಿಕೊಂಡು, ಫೋನಿನಲ್ಲಿದ್ದುದನ್ನು ನಿಧಾನವಾಗಿ ಹೇಳಿದರು.

"ಇನ್ನೊಂದು ಸಲ ಕೇಳ್ತೀನಿ, ನೋಡಮ್ಮ. ಜೀವ ಇದ್ದು ಹುಟ್ಟಿ, ಆಮೇಲೆ ತೀರಿಕೊಂಡಿದ್ರೆ, ಅದನ್ನೂ ಸೇರಿಸಿ ಹೇಳ್ಬೇಕು. ಎಷ್ಟು ಹೊತ್ತು ಬದುಕಿತ್ತು ಅಂತ ಇಲ್ಲಿ ಕೇಳೋದಿಲ್ಲ. ಒಂದು ಗಳಿಗೆ ಬದುಕಿದ್ರೂ ಹುಟ್ಟಿದ ಹಾಗೇನೇ."

ಕಾವೇರಿ ನೆಲ ನೋಡುತ್ತ ಕೂತಳು. ಎರಡೂವರೆ ವರ್ಷದಲ್ಲಿ ಒಬ್ಬರೂ ಅವಳನ್ನು ಇದನ್ನು ಕೇಳಿರಲಿಲ್ಲ. ಎಲ್ಲರೂ ಮರೆ ಎಂದೇ ಹೇಳಿದ್ದರು. ಮಾನಮ್ಮನೂ ಹೇಳಿದ್ದಳು.

"ಎರಡು ತಾಸು ಇತ್ರಿ" ಎಂದಳು ಕಾವೇರಿ.

"ಅತ್ತಿತ್ತಾ?"

"ಅತ್ತಿತ್ರಿ. ಭಾಳ ಅತ್ತಿತು. ನನ್ನ ಹಸರ ಬಳಿ ಹಿಡ್ಕೊಂಡಿತ್ತು."

"ಗಂಡೋ ಹೆಣ್ಣೋ?"

"ಗಂಡು ರೀ."

"ಹಾಗಾದ್ರೆ ಎರಡು" ಎಂದರು ಟೀಚರು. "ಒಂದು ಗಂಡು, ಒಂದು ಹೆಣ್ಣು." ಅವರ ಬೆರಳು ಅಂಕಿ ಒತ್ತಿತು. ಮುಂದಿನ ಪ್ರಶ್ನೆಗೆ ಹೋಗಲಿಲ್ಲ, ತಣ್ಣಗಾದ ಚಹಾ ಎತ್ತಿಕೊಂಡು ಕುಡಿಯತೊಡಗಿದರು.

ಮಾನಮ್ಮನಿಗೆ ಏನಾದರೂ ಹೇಳಬೇಕೆನಿಸಿತು. ನಿಮ್ಮ ಹೊಟ್ಟಿ ತಣ್ಣಗಿರ್ಲಿ ಎನ್ನಲು ಬಾಯಿ ತೆರೆದವಳು ಮೊಮ್ಮಗಳನ್ನು ಎದೆಗೆ ಒತ್ತಿಕೊಂಡು, ಅಕ್ಕೋರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದಳು.

"ಅದನ್ನೂ ಎಣಸ್ತಾರೇನ್ರಿ, ಸರಕಾರದಾಗ?" ಕಾವೇರಿ ಕೇಳಿದಳು.

"ಎಣಿಸ್ತಾರಮ್ಮ. ಎಣಿಸ್ಲೇಬೇಕು."

"ತೋರಸ್ರಿ."

ಟೀಚರು ಫೋನು ಅವಳ ಕಡೆ ತಿರುಗಿಸಿದರು. ಕಾವೇರಿ ಏಳನೇ ಇಯತ್ತೆ ಓದಿದವಳು, ಅಂಕಿ ಕಂಡಿತು. ನೋಡುತ್ತ ನೋಡುತ್ತ ಅವಳ ಬೆರಳು ತಾನಾಗಿ ಆ ಎರಡರ ಹತ್ತಿರಕ್ಕೆ ಹೋಯಿತು.

"ಮುಟ್ಟಬೇಡಮ್ಮ, ಅಳಿಸಿ ಹೋಗಿಬಿಡುತ್ತೆ" ಎಂದರು ಟೀಚರು.

ಕಾವೇರಿ ಥಟ್ಟನೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಇಲ್ರಿ, ಮುಟ್ಟಂಗಿಲ್ಲ" ಎಂದಳು. ಹಾಗೇ ಕೈಕಟ್ಟಿಕೊಂಡು, ಬಗ್ಗಿ, ಇನ್ನೊಂದಿಷ್ಟು ಹೊತ್ತು ನೋಡಿದಳು.